ತವರಿನ ಆಸ್ತಿಯಲ್ಲಿ ಮಗಳ ಪಾಲು



ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಶಿವಮೊಗ್ಗದ ಕೋಟೆಯಿಂದ ಭದ್ರಾವತಿಯ ಕಾಗದನಗರದವರೆಗೆ, ನಮ್ಮ ಕ್ರೈಸ್ತ ಕುಟುಂಬಗಳಲ್ಲಿಯೂ ಈ ಮಾತು ಬೇರೆ ರೂಪದಲ್ಲಿ ನಡೆದುಬರುತ್ತಿದೆ. ತಂದೆ ತೀರಿಕೊಂಡು ತಿಂಗಳ ಪೂಜೆ ಮುಗಿಯುತ್ತಲೇ, ಮದುವೆಯಾಗಿ ಹೋದ ಮಗಳನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆಸುತ್ತಾರೆ. "ಒಂದು ಸಹಿ ಹಾಕಿಬಿಡು ಅಕ್ಕಾ, ಖಾತೆ ಬದಲಾಗಬೇಕು" ಎನ್ನುತ್ತಾರೆ. ತಮ್ಮಂದಿರ ಮೇಲಿನ ಪ್ರೀತಿಯಿಂದಲೋ, ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದಲೋ ಆಕೆ ಸಹಿ ಹಾಕುತ್ತಾಳೆ. ಅದು ಹಕ್ಕು ಬಿಡುಗಡೆ ಪತ್ರವೆಂಬುದು ಎಷ್ಟೋ ಸಲ ಆಕೆಗೆ ತಿಳಿದಿರುವುದಿಲ್ಲ. ಆದ್ದರಿಂದ ಈ ವಾರ, ಮಗಳ ಪಾಲಿನ ಬಗ್ಗೆ ಕಾನೂನು ಏನು ಹೇಳುತ್ತದೆ, ನಮ್ಮ ವಿಶ್ವಾಸ ಏನು ಕೇಳುತ್ತದೆ ಎಂಬುದನ್ನು ತಿಳಿಯೋಣ.

ನಮಗೆ ಅನ್ವಯಿಸುವ ಕಾನೂನು

ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತರ ಆಸ್ತಿ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ ಹಂಚಿಕೆಯಾಗುತ್ತದೆ. ಪತ್ನಿ ಮತ್ತು ಮಕ್ಕಳಿದ್ದರೆ ಮೂರರಲ್ಲಿ ಒಂದು ಭಾಗ ಪತ್ನಿಗೆ, ಉಳಿದ ಎರಡು ಭಾಗ ಮಕ್ಕಳಿಗೆ. ಮಕ್ಕಳಲ್ಲಿ ಗಂಡು, ಹೆಣ್ಣು ಎಂಬ ಭೇದವಿಲ್ಲ. ಮದುವೆಯಾದವರು, ಆಗದವರು ಎಂಬ ಭೇದವೂ ಇಲ್ಲ. ಒಂದು ಲೆಕ್ಕ ನೋಡಿ. ತಂದೆಯ ಆಸ್ತಿಯ ಬೆಲೆ 18 ಲಕ್ಷ ರೂಪಾಯಿ. ತಾಯಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಇದ್ದಾರೆ. ತಾಯಿಗೆ 6 ಲಕ್ಷ. ಉಳಿದ 12 ಲಕ್ಷದಲ್ಲಿ ಮೂವರಿಗೂ ತಲಾ 4 ಲಕ್ಷ. ಮಗಳು ತಂದೆಗಿಂತ ಮೊದಲೇ ತೀರಿಕೊಂಡಿದ್ದರೆ ಅವಳ ಪಾಲು ಅವಳ ಮಕ್ಕಳಿಗೆ ಸೇರುತ್ತದೆ.

"ಮದುವೆಯಲ್ಲಿ ಚಿನ್ನ, ಹಣ ಕೊಟ್ಟಾಯಿತಲ್ಲ, ಇನ್ನೆಂಥ ಪಾಲು?" ಎಂದು ಕೇಳುವವರಿದ್ದಾರೆ. ಇದಕ್ಕೆ ಇದೇ ಕಾಯಿದೆಯ 49ನೇ ಪ್ರಕರಣದಲ್ಲಿ ಉತ್ತರವಿದೆ. ತಂದೆ ಬದುಕಿದ್ದಾಗ ಮಗುವಿಗೆ ಕೊಟ್ಟದ್ದನ್ನು ಅದರ ಪಾಲಿನಿಂದ ಕಳೆಯುವಂತಿಲ್ಲ. ಮಗನ ಓದಿಗೆ ಮಾಡಿದ ಖರ್ಚನ್ನು ನಾವು ಕಳೆಯುತ್ತೇವೆಯೇ? ಹಾಗಾದರೆ ಮಗಳ ಬಳೆಗಳಿಗೆ ಮಾತ್ರ ಲೆಕ್ಕವೇಕೆ?

ಮೇರಿ ರಾಯ್ ಅವರ ಮೊಕದ್ದಮೆ

ಈ ಸಮಾನತೆ ಎಲ್ಲರಿಗೂ ಸುಲಭವಾಗಿ ಸಿಗಲಿಲ್ಲ. ಕೇರಳದ ತಿರುವಾಂಕೂರು ಭಾಗದಲ್ಲಿ 1916ರ ಹಳೆಯ ಕ್ರೈಸ್ತ ಉತ್ತರಾಧಿಕಾರ ಕಾಯಿದೆ ನಡೆಯುತ್ತಿತ್ತು. ಅದರಂತೆ ಮಗಳಿಗೆ ಸಿಗುತ್ತಿದ್ದುದು ಮಗನ ಪಾಲಿನ ನಾಲ್ಕನೇ ಒಂದು ಭಾಗ ಅಥವಾ 5,000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು ಮಾತ್ರ. ಸಿರಿಯನ್ ಕ್ರೈಸ್ತ ಮಹಿಳೆ, ಶಿಕ್ಷಕಿ ಮೇರಿ ರಾಯ್ ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 1986ರ ಫೆಬ್ರವರಿ 24ರಂದು ನ್ಯಾಯಾಲಯವು, 1951ರ ಏಪ್ರಿಲ್ 1ರಿಂದಲೇ ಭಾರತೀಯ ಉತ್ತರಾಧಿಕಾರ ಕಾಯಿದೆ ಅಲ್ಲಿಗೂ ಅನ್ವಯಿಸಿದೆ ಎಂದು ತೀರ್ಪಿತ್ತಿತು. ಮೂವತ್ತೈದು ವರ್ಷ ಹೆಣ್ಣುಮಕ್ಕಳಿಗೆ ಹಕ್ಕಿತ್ತು, ಆದರೆ ಅದು ಇದೆಯೆಂಬುದೇ ಅವರಿಗೆ ತಿಳಿದಿರಲಿಲ್ಲ!

ಈ ತೀರ್ಪು ನಮಗೂ ಹತ್ತಿರದ್ದು. ಆ 1951ರ ಕಾಯಿದೆ 'ಬಿ' ಭಾಗದ ರಾಜ್ಯಗಳಿಗೆಂದು ಬಂದದ್ದು. ಶಿವಮೊಗ್ಗ, ಭದ್ರಾವತಿಗಳು ಸೇರಿದ್ದ ಮೈಸೂರು ರಾಜ್ಯವೂ ಅವುಗಳಲ್ಲಿ ಒಂದು. ಅಲ್ಲದೆ ಕೇರಳದಿಂದ ಬಂದು ಮಲೆನಾಡಿನಲ್ಲಿ ನೆಲೆಸಿದ ಎಷ್ಟೋ ಕುಟುಂಬಗಳು ನಮ್ಮ ನೆರೆಹೊರೆಯಲ್ಲಿವೆ. ಭದ್ರಾವತಿಯಲ್ಲಿ 2007ರಲ್ಲಿ ಸೀರೋ-ಮಲಬಾರ್ ಧರ್ಮಪ್ರಾಂತ್ಯವೇ ಸ್ಥಾಪನೆಯಾಯಿತು.

ಮಾನವ ಹಕ್ಕು, ದೇವರ ಮಕ್ಕಳ ಹಕ್ಕು

1948ರ ಮಾನವ ಹಕ್ಕುಗಳ ಘೋಷಣೆಯ ಮೊದಲ ವಿಧಿಯಲ್ಲಿ ಪುರುಷರನ್ನು ಸೂಚಿಸುವ ಪದವಿದ್ದಾಗ, ಅದು ಎಲ್ಲ ಮಾನವರನ್ನೂ ಸೂಚಿಸಬೇಕೆಂದು ಪಟ್ಟುಹಿಡಿದವರು ಭಾರತದ ಹಂಸಾ ಮೆಹ್ತಾ. ಸ್ತ್ರೀಯರ ವಿರುದ್ಧದ ಎಲ್ಲ ತಾರತಮ್ಯವನ್ನು ಹೋಗಲಾಡಿಸುವ 1979ರ ವಿಶ್ವಸಂಸ್ಥೆಯ ಒಪ್ಪಂದವನ್ನು ಭಾರತ 1993ರಲ್ಲಿ ಅಂಗೀಕರಿಸಿತು. ನಮ್ಮ ಸಂವಿಧಾನದ 14 ಮತ್ತು 15ನೇ ವಿಧಿಗಳೂ ಸಮಾನತೆಯನ್ನೇ ಸಾರುತ್ತವೆ. ಲಿಂಗಭೇದದಿಂದ ಮಾಡುವ ತಾರತಮ್ಯ ದೇವರ ಚಿತ್ತಕ್ಕೆ ವಿರುದ್ಧವೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಬೋಧಿಸಿತು.

ಪವಿತ್ರ ಗ್ರಂಥದಲ್ಲಿಯೂ ಇದರ ಬೀಜವಿದೆ. ಗಂಡುಮಕ್ಕಳಿಲ್ಲದ ಚಲ್ಪಹಾದನ ಐವರು ಪುತ್ರಿಯರು ಮೋಶೆಯ ಮುಂದೆ ನಿಂತು ತಂದೆಯ ಸ್ವತ್ತನ್ನು ಕೇಳಿದರು. ಅವರು ಕೇಳಿದ್ದು ನ್ಯಾಯವೆಂದು ದೇವರೇ ನುಡಿದರೆಂದು ಸಂಖ್ಯಾಕಾಂಡದ 27ನೇ ಅಧ್ಯಾಯ ತಿಳಿಸುತ್ತದೆ. ಯೋಬನಾದರೋ ಗಂಡುಮಕ್ಕಳಿದ್ದರೂ ಅವರ ಜೊತೆಯಲ್ಲೇ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟನು.

ಕಾನೂನಿನ ಮಿತಿಗಳು

ಕಾನೂನು ಪೂರ್ಣವಾಗಿದೆ ಎಂದಲ್ಲ. ಸಂಗಾತಿಯಾಗಲಿ ಮಕ್ಕಳಾಗಲಿ ಇಲ್ಲದವರು ಉಯಿಲು ಬರೆಯದೆ ತೀರಿಕೊಂಡರೆ, 42ನೇ ಪ್ರಕರಣದಂತೆ ಆಸ್ತಿಯೆಲ್ಲ ತಂದೆಗೆ. ಆತ ಬದುಕಿರುವಾಗ ಹೆತ್ತ ತಾಯಿಗೆ ಏನೂ ಇಲ್ಲ. ಇದನ್ನು ತಿದ್ದಬೇಕೆಂದು ಕಾನೂನು ಆಯೋಗ 2014ರಲ್ಲಿ ಶಿಫಾರಸು ಮಾಡಿತು. ಇನ್ನೊಂದು ಮಾತು: ಉಯಿಲು ಬರೆಯುವ ತಂದೆ ತನ್ನ ಆಸ್ತಿಯನ್ನು ಇಷ್ಟಬಂದವರಿಗೆ ಕೊಡಬಹುದು. ಅಲ್ಲಿ ಮಗಳನ್ನು ಕಾಯುವುದು ತಂದೆಯ ಮನಸ್ಸಾಕ್ಷಿಯೊಂದೇ.

ನಾವು ಮಾಡಬೇಕಾದ್ದು

ತಂದೆತಾಯಂದಿರೇ, ನೀವು ಗಟ್ಟಿಯಾಗಿರುವಾಗಲೇ ಇಬ್ಬರು ಸಾಕ್ಷಿಗಳ ಸಮಕ್ಷಮ ನ್ಯಾಯವಾದ ಉಯಿಲು ಬರೆಯಿರಿ. ಸಹೋದರರೇ, ವಂಶವೃಕ್ಷ ಮಾಡಿಸುವಾಗ ಅಕ್ಕತಂಗಿಯರ ಹೆಸರನ್ನು ಬಿಡಬೇಡಿ. ಖಾತೆ ಒಬ್ಬರ ಹೆಸರಿಗೆ ಆದ ಮಾತ್ರಕ್ಕೆ ಉಳಿದವರ ಹಕ್ಕು ಅಳಿಯುವುದಿಲ್ಲ. ಸಹೋದರಿಯರೇ, ತಿಳಿದು, ಮನಸಾರೆ ಪಾಲು ಬಿಟ್ಟುಕೊಟ್ಟರೆ ಅದು ದಾನ. ಅದನ್ನು ಯಾರೂ ಹೀಗಳೆಯಲಾರರು. ಆದರೆ ಓದಿ ತಿಳಿಯದೆ ಸಹಿ ಹಾಕಬೇಡಿ. ನೋಂದಣಿಯಾದ ಪತ್ರವನ್ನು ರದ್ದುಪಡಿಸುವುದು ಬಹಳ ಕಷ್ಟ. ಸಂದೇಹವಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ; 1987ರ ಕಾಯಿದೆಯಂತೆ ಮಹಿಳೆಯರು ಆದಾಯದ ಮಿತಿಯಿಲ್ಲದೆ ಅಲ್ಲಿ ಉಚಿತ ಕಾನೂನು ನೆರವು ಪಡೆಯಬಹುದು.

ಪಾಲು ಕೇಳಿದ ಮಗಳು ತವರಿನ ಶತ್ರುವಲ್ಲ. ಪಾಲು ಕೊಟ್ಟ ಮೇಲೂ ಹಬ್ಬಕ್ಕೆ ಅವಳನ್ನು ಕರೆಯುವ ಮನೆಯೇ ನಿಜವಾದ ಕ್ರೈಸ್ತ ಕುಟುಂಬ.

ಮನೆಯವರೆಲ್ಲ ಕೂಡಿ ಚಿಂತಿಸಲು

1. ನಮ್ಮ ಮನೆಯಲ್ಲಿ ಆಸ್ತಿಯ ಮಾತು ಬಂದಾಗ ಹೆಣ್ಣುಮಕ್ಕಳು ಜೊತೆಗೆ ಕುಳಿತಿರುತ್ತಾರೆಯೇ?
2. ಹಿಂದೆ ಯಾರಾದರೂ ತಿಳಿಯದೆ ಸಹಿ ಹಾಕಿದ್ದರೆ, ಅದನ್ನು ಸರಿಪಡಿಸಲು ನಾವು ಇಂದು ಏನು ಮಾಡಬಹುದು?