ಹಳೆಯ ಟ್ರ್ಯಾಕ್ಟರಿಗೆ ಹುಲ್ಲು ಕತ್ತರಿಸುವ ಡೆಕ್: ಕ್ರಯವೊಂದೇ ವೆಚ್ಚವಲ್ಲ

ಅಮೆರಿಕದಲ್ಲಿ 1947ರಿಂದ 1979ರವರೆಗೆ ತಯಾರಾದ ಫಾರ್ಮಾಲ್ ಕಬ್ ಎಂಬ ಪುಟ್ಟ ಟ್ರ್ಯಾಕ್ಟರುಗಳು ಇಂದಿಗೂ ಅಲ್ಲಿ ಹುಲ್ಲು ಕತ್ತರಿಸುತ್ತಿವೆ. ಮುಂದಿನ ಹಾಗೂ ಹಿಂದಿನ ಚಕ್ರಗಳ ನಡುವೆ ತೂಗುಬಿಡುವ ಹಳೆಯ ಡೆಕ್ಕನ್ನು ಕೊಳ್ಳುವವರು ಕ್ರಯವನ್ನಷ್ಟೇ ನೋಡುವುದುಂಟು. ಅದು ಅಪೂರ್ಣ ಲೆಕ್ಕ.

ಆ ಮಾದರಿಗೆ ಹೊಂದುವ ಬ್ರಾಕೆಟ್, ಪುಲ್ಲಿ, ಬೆಲ್ಟುಗಳು ಜೊತೆಗಿವೆಯೇ, ಸ್ಪಿಂಡಲಿನ ಬೇರಿಂಗುಗಳು ಸವೆದಿವೆಯೇ, ಸುಮಾರು 10 ಅಶ್ವಶಕ್ತಿಯ ಎಂಜಿನ್ನಿಗೆ ಡೆಕ್ಕಿನ ಅಗಲ ಹೊರೆಯಾದೀತೇ ಎಂಬುದನ್ನು ಪರೀಕ್ಷಿಸತಕ್ಕದ್ದು. ಉದಾಹರಣೆಗೆ, 500 ಡಾಲರಿನ ಬರಿಯ ಡೆಕ್ಕಿಗೆ ಬಿಡಿಭಾಗ ಮತ್ತು ಜೋಡಣೆಯ ಬಾಬ್ತು 450 ಡಾಲರು ತಗುಲಿದರೆ ನಿಜವಾದ ವೆಚ್ಚ 950 ಡಾಲರು. ಸಕಲ ಭಾಗಗಳೊಡನೆ ಜೋಡಿಸಿಯೇ ಕೊಡುವ 800 ಡಾಲರಿನ ಡೆಕ್ಕೇ ಅಗ್ಗ.

ನಮ್ಮ ದೇಶದ ಲೆಕ್ಕಪತ್ರ ಮಾನಕ 10 ಸಹ ಯಂತ್ರವನ್ನು ಕೆಲಸಕ್ಕೆ ಸಜ್ಜುಗೊಳಿಸುವ ನೇರ ಖರ್ಚನ್ನು ಅದರ ವೆಚ್ಚಕ್ಕೇ ಸೇರಿಸುತ್ತದೆ. ಹಳೆಯ ಯಂತ್ರ ಕೊಳ್ಳುವ ಉದ್ಯಮಿಗಳು ಮುಂಗಡ ಕೊಡುವ ಮುನ್ನವೇ ಈ ಮೊತ್ತವನ್ನು ಬರೆದು ನೋಡುವುದು ಲೇಸು.