ಜಾಲರಿಯ ಮರೆ, ಜಾಲದ ಮರೆ



“ತಪ್ಪು ಮಾಡದವನಿಗೆ ಮರೆ ಏಕೆ ಸ್ವಾಮಿ?” ಅಂತರ್ಜಾಲದಲ್ಲಿ ಗುರುತು ತೋರದೆ ಓಡಾಡುವ ಸಾಧನಗಳ ಮಾತು ಬಂದಾಗ ಹಿರಿಯರು ಕೇಳುವ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. ಆದರೆ ಅದನ್ನೇ ನಮ್ಮ ದೇವಾಲಯದ ಪಾಪನಿವೇದನಾ ಪೀಠದ ಮುಂದೆ ನಿಂತು ಕೇಳಿ ನೋಡಿ. ಗುರುವಿಗೂ ನಿವೇದಿಸುವವನಿಗೂ ನಡುವೆ ಆ ಜಾಲರಿ ಏಕಿದೆ? 16ನೇ ಶತಮಾನದಲ್ಲಿ ಮಿಲಾನಿನ ಮಹಾಧರ್ಮಾಧ್ಯಕ್ಷರಾಗಿದ್ದ ಸಂತ ಚಾರ್ಲ್ಸ್ ಬೊರೊಮಿಯೊ ಇಂಥ ಪೀಠಗಳನ್ನು ರೂಢಿಗೆ ತಂದವರಲ್ಲಿ ಪ್ರಮುಖರು. ಬಯಸುವ ಭಕ್ತರಿಗೆ ಜಾಲರಿಯುಳ್ಳ ಪೀಠ ದೊರೆಯುವಂತಿರಬೇಕೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 964ನೇ ವಿಧಿ ಹೇಳುತ್ತದೆ. ದೇವರಿಂದ ಅವಿತುಕೊಳ್ಳಲೆಂದು ಇಟ್ಟ ಮರೆ ಅದಲ್ಲ. ಮನುಷ್ಯನ ಕಣ್ಣಿಗೆ ನಾಚಿ ಸತ್ಯವು ಗಂಟಲಲ್ಲೇ ಉಳಿಯದಿರಲೆಂದು ಇಟ್ಟದ್ದು.

ಅದೇ ಸಂಹಿತೆಯ 220ನೇ ವಿಧಿ, ಯಾರ ಸತ್ಕೀರ್ತಿಗೂ ಖಾಸಗಿತನಕ್ಕೂ ಅನ್ಯಾಯವಾಗಿ ಧಕ್ಕೆ ತರಬಾರದೆನ್ನುತ್ತದೆ. ನಮ್ಮ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ನಮಗೆ ಹೆಮ್ಮೆಯ ಸಂಗತಿ.

ಹೀಗೆ ಎಣಿಸಿಕೊಳ್ಳಿ. ಕುಡಿದು ಬಂದು ಹೊಡೆಯುವ ಗಂಡ, ಮನೆಗೆಲ್ಲ ಒಂದೇ ಫೋನು. ಹೆಂಡತಿ ಮಧ್ಯಾಹ್ನ ಹೆದರುತ್ತಲೇ, ಕಾನೂನಿನಲ್ಲಿ ತನಗೇನು ರಕ್ಷಣೆಯಿದೆ ಎಂದು ಹುಡುಕುತ್ತಾಳೆ. ಹುಡುಕಿದ ಮಾತು ಫೋನಿನ ನೆನಪಿನಲ್ಲಿ ಉಳಿಯುತ್ತದೆ. ರಾತ್ರಿ ಅವನ ಕಣ್ಣಿಗೆ ಬೀಳುತ್ತದೆ. ಮರೆ ಬೇಕಾದ ಅವಳು ಮಾಡಿದ ತಪ್ಪೇನು?

ಬ್ರೌಸರುಗಳಲ್ಲಿ ‘ಇನ್‌ಕಾಗ್ನಿಟೋ’ ಎಂಬ ಕಿಟಕಿಯಿದೆಯಲ್ಲ ಎನ್ನುವಿರಿ. ಅದು ಫೋನಿನ ನೆನಪನ್ನು ಅಳಿಸುತ್ತದೆ, ಅಷ್ಟೆ. ಸಂಪರ್ಕ ಕೊಡುವ ಕಂಪನಿಗೂ ನೀವು ಭೇಟಿ ಕೊಟ್ಟ ತಾಣಕ್ಕೂ ನಿಮ್ಮ ಸುಳಿವು ಸಿಗುತ್ತಲೇ ಇರುತ್ತದೆ. ಈ ಬಗ್ಗೆ ಅಮೆರಿಕದಲ್ಲಿ 2020ರಲ್ಲಿ ಗೂಗಲ್ ವಿರುದ್ಧ ಹೂಡಿದ ದಾವೆಯಲ್ಲಿ, ಸಂಗ್ರಹವಾಗಿದ್ದ ಅಪಾರ ದಾಖಲೆಗಳನ್ನು ನಾಶಮಾಡಲು ಕಂಪನಿ 2024ರಲ್ಲಿ ಒಪ್ಪಿಕೊಂಡಿತು.

ಟಾರ್ ಬ್ರೌಸರಿನ ದಾರಿ ಬೇರೆ. ನಿಮ್ಮ ಸಂದೇಶಕ್ಕೆ ಅದು ಈರುಳ್ಳಿಯಂತೆ ಮೂರು ಸಿಪ್ಪೆ ಸುತ್ತಿ, ಲೋಕದ ನಾನಾ ಕಡೆ ಸ್ವಯಂಸೇವಕರು ನಡೆಸುವ ಮೂರು ಗಣಕಯಂತ್ರಗಳ ಮೂಲಕ ಕಳುಹಿಸುತ್ತದೆ. ಒಂದೊಂದೂ ಒಂದು ಸಿಪ್ಪೆ ಸುಲಿಯುತ್ತದೆ. ಎಲ್ಲಿಂದ ಬಂತೆಂದು ಮೊದಲನೆಯದಕ್ಕೆ ಗೊತ್ತು, ಎಲ್ಲಿಗೆಂದು ಗೊತ್ತಿಲ್ಲ. ಕೊನೆಯದಕ್ಕೆ ಎಲ್ಲಿಗೆಂದು ಗೊತ್ತು, ಯಾರದೆಂದು ಗೊತ್ತಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲೆಂದು ಪ್ರಭು ಯೇಸು ಬೋಧಿಸಿದ್ದು ದಾನದ ವಿಷಯದಲ್ಲಿ; ಆದರೂ ಇದನ್ನು ಓದುವಾಗ ಆ ಮಾತು ನನ್ನ ನೆನಪಿಗೆ ಬರುತ್ತದೆ.

ಇದರ ಹುಟ್ಟಿನಲ್ಲೊಂದು ಸ್ವಾರಸ್ಯವಿದೆ. 1990ರ ದಶಕದಲ್ಲಿ ಈ ಉಪಾಯ ಕಂಡುಹಿಡಿದವರು ಅಮೆರಿಕದ ನೌಕಾಪಡೆಯ ಸಂಶೋಧನಾಲಯದವರು. ನೌಕಾಪಡೆಯವರೇ ಅದನ್ನು ಬಳಸಿದರೆ, ಆ ದಾರಿಯಲ್ಲಿ ಬಂದವರೆಲ್ಲ ನೌಕಾಪಡೆಯವರೆಂದು ಗೊತ್ತಾಗಿಬಿಡುತ್ತದೆ! ಆದ್ದರಿಂದ ಅದು ಎಲ್ಲರಿಗೂ ತೆರೆದಿರಬೇಕಾಯಿತು. 2006ರಿಂದ ಲಾಭಾಪೇಕ್ಷೆಯಿಲ್ಲದ ಒಂದು ಸಂಸ್ಥೆ ಅದನ್ನು ನಡೆಸುತ್ತಿದೆ. ಒಬ್ಬನೇ ಮರೆಯಾಗಲಾರ, ಮರೆಗೂ ಜನ ಬೇಕು. ಪಾಪನಿವೇದನೆಯ ಸಾಲೂ ಹಾಗೆಯೇ ಅಲ್ಲವೇ? ಘೋರ ಪಾಪಿಗಳು ಮಾತ್ರ ಸಾಲಿನಲ್ಲಿ ನಿಲ್ಲಬೇಕೆಂದಿದ್ದರೆ ಯಾರು ನಿಂತಾರು? ಸಣ್ಣ ಸಿಟ್ಟಿನ ಮಾತಿಗಾಗಿ ಬಂದ ಅಜ್ಜಿಯ ಹಿಂದೆ, ಇಪ್ಪತ್ತು ವರ್ಷಗಳ ಭಾರ ಹೊತ್ತವನೂ ನಿಲ್ಲುತ್ತಾನೆ. ಅಜ್ಜಿಗೆ ಅರಿವಿಲ್ಲದೆಯೇ ಅವಳು ಅವನ ಮಾನ ಕಾಯುತ್ತಾಳೆ. ಏನೂ ಮುಚ್ಚಿಡಬೇಕಾಗಿಲ್ಲದವರು ಟಾರ್ ಬಳಸಿದರೆ ಹೆದರಿದವಳಿಗೆ ಆಸರೆಯಾಗುವುದು ಈ ರೀತಿಯಲ್ಲೇ.

ಇದೇ ಮರೆಯಲ್ಲಿ ಮಾದಕ ವಸ್ತುವಿನ ವ್ಯಾಪಾರವೂ ಅದಕ್ಕಿಂತ ಹೇಯವಾದುದೂ ನಡೆಯುತ್ತದೆ, ನಿಜ. ನಮ್ಮ ನಡುವೆ ಹೆಚ್ಚಾಗಿ ಕಾಣುವುದು ಹಳೆಯ ಮೂಕರ್ಜಿಯ ಹೊಸ ರೂಪ: ಸುಳ್ಳು ಹೆಸರಿನಲ್ಲಿ ಪಾಲನಾ ಮಂಡಳಿಯವರ ಮೇಲೆ, ನೆರೆಯ ಹುಡುಗಿಯ ಮೇಲೆ ಕೆಸರೆರಚುವುದು. ಪರರ ಹೆಸರು ಕೆಡಿಸಿದವನು ಕ್ಷಮೆ ಪಡೆದ ಮೇಲೂ ಆ ನಷ್ಟ ತುಂಬಿಕೊಡಲು ಬದ್ಧನೆಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ 2487ನೇ ಕಂಡಿಕೆಯಲ್ಲಿ ಕಲಿಸುತ್ತದೆ. ಹೆಸರಿಲ್ಲದೆ ಎರಚಿದ ಕೆಸರನ್ನು ಹೇಗೆ ತೊಳೆಯುತ್ತೀರಿ? ಜಾಲರಿಯ ಹಿಂದೆ ಮನುಷ್ಯ ದೂರುವುದು ತನ್ನನ್ನು. ಮೂಕರ್ಜಿಯಲ್ಲಿ ದೂರುವುದು ಇನ್ನೊಬ್ಬರನ್ನು. ಮರೆ ಒಂದೇ, ಆದರೆ ನಾಲಿಗೆಯ ದಿಕ್ಕು ಬೇರೆ.

ಬಳಸುವವರಿಗೆ ಎರಡು ಮಾತು. ಟಾರ್ ನಿಧಾನ, ತಾಳ್ಮೆ ಬೇಕು. ಅದರೊಳಗಿಂದ ನಿಮ್ಮ ಹೆಸರಿನ ಖಾತೆಗೆ ಹೋದರೆ ನೀವಾಗಿಯೇ ಮುಸುಕು ತೆಗೆದಂತೆ. ನೀವು ಟಾರ್ ಬಳಸುತ್ತಿದ್ದೀರಿ ಎಂಬುದು ಸಂಪರ್ಕ ಕೊಡುವ ಕಂಪನಿಗೆ ಸಾಮಾನ್ಯವಾಗಿ ತಿಳಿಯುತ್ತದೆ. ಏನು ನೋಡಿದಿರಿ ಎಂಬುದು ತಿಳಿಯದು. ಇನ್ನು ಮೇಲೆ ಹೇಳಿದ ತಾಯಿಯಂಥವರು ಗಮನಿಸಬೇಕು: ಆ ಬ್ರೌಸರಿನ ಚಿಹ್ನೆಯೇ ಫೋನಿನ ಪರದೆಯ ಮೇಲೆ ಕಾಣುತ್ತದೆ, ಫೋನಿನಲ್ಲಿ ಯಾರಾದರೂ ಗೂಢಚಾರ ತಂತ್ರಾಂಶ ಹಾಕಿದ್ದರೆ ಟಾರ್ ಕಾಪಾಡಲಾರದು. ಅಂಥವರಿಗೆ ನಂಬಿಕಸ್ಥ ನೆರೆಮನೆಯವರ ಫೋನೇ ಮೇಲು. ಮಹಿಳಾ ಸಹಾಯವಾಣಿಯ ಸಂಖ್ಯೆ 181, ಮಕ್ಕಳದ್ದು 1098. ನಿಮ್ಮದೇ ಫೋನಿನಿಂದ ಮಾಡಿದರೆ, ಆ ಕರೆಯ ಗುರುತು ಪಟ್ಟಿಯಲ್ಲಿ ಉಳಿಯುತ್ತದೆ, ಅಳಿಸಲು ಮರೆಯಬೇಡಿ.