ಹಸಿರಾಗಿದ್ದರೆ ಸಾಲದು

ಯೋಹಾನ 15ನೇ ಅಧ್ಯಾಯ, 1ರಿಂದ 10ನೇ ವಚನಗಳನ್ನು ತೆರೆಯಿರಿ.

ನಮ್ಮ ಮನೆ ಮುಂದೆ ಒಂದು ಮಲ್ಲಿಗೆ ಗಿಡ ಇದೆ. ಎರಡು ವರ್ಷ ನಾನು ಅದಕ್ಕೆ ಕತ್ತರಿ ಹಾಕಲಿಲ್ಲ. ಕಿಟಕಿ ತನಕ ಹಬ್ಬಿತ್ತು, ನೋಡೋಕೆ ಚೆಂದ. ಆದ್ರೆ ಹೂವು ಒಂದು ಹಿಡಿಯೂ ಇಲ್ಲ. ಹೂ ಮಾರುವ ನಮ್ಮ ಸಭೆಯ ಅಕ್ಕ ಒಬ್ಬರು ನೋಡಿ, "ಪಾಸ್ಟ್ರೇ, ಬರೀ ಎಲೆ ಸಾಕಿದ್ದೀರಲ್ಲ! ಮಲ್ಲಿಗೆ ಹೂ ಬಿಡೋದು ಹೊಸ ಚಿಗುರಲ್ಲಿ" ಅಂದರು. ನವೆಂಬರ್ ಕೊನೆಯಲ್ಲಿ ನೆಲದಿಂದ ಒಂದೂವರೆ ಅಡಿ ಬಿಟ್ಟು ಎಲ್ಲಾ ಸವರಿಬಿಟ್ಟರು. ನನಗೆ ಕರುಳು ಚುರುಕ್ ಅಂತು.

ಮರುದಿನ ಬೆಳಿಗ್ಗೆ ನೋಡಿದೆ. ಕತ್ತರಿಸಿ ಹಾಕಿದ ಕೊಂಬೆಗಳು ಇನ್ನೂ ಹಸಿರಾಗಿದ್ದವು! ಬೋಳು ಗಿಡವೇ ಸತ್ತಂತೆ ಕಾಣುತ್ತಿತ್ತು. ವಾರ ಕಳೆಯುವುದರೊಳಗೆ ಆ ಕೊಂಬೆಗಳು ಒಣಗಿದವು.

ಅಲ್ಲಿ ಕರ್ತನು ನನ್ನೊಂದಿಗೆ ಮಾತಾಡಿದನು. ಆಗ ಸುಮಾರು ಮೂರು ತಿಂಗಳಿಂದ ನಾನು ಒಬ್ಬನೇ ಮೊಣಕಾಲೂರಿ ಪ್ರಾರ್ಥಿಸಿರಲಿಲ್ಲ. ಪ್ರಸಂಗ, ಮನೆಕೂಟ, ಆಸ್ಪತ್ರೆ ಭೇಟಿ ಎಲ್ಲಾ ನಡೀತಿತ್ತು. "ಸಂದೇಶ ಚೆನ್ನಾಗಿತ್ತು ಪಾಸ್ಟ್ರೇ" ಅಂತ ನೀವೂ ಹೇಳಿದ್ರಿ. ನಾನು ಹಸಿರಾಗಿದ್ದೆ ಅಷ್ಟೇ, ಬಳ್ಳಿಯಲ್ಲಿ ಇರಲಿಲ್ಲ.

ವಾಕ್ಯದಲ್ಲಿ ಎರಡು ವಿಷಯ ಗಮನಿಸಿ.

1. ಸವರುವುದು ಬೇರೆ, ತೆಗೆದುಹಾಕುವುದು ಬೇರೆ. 2ನೇ ವಚನದಲ್ಲಿ ತಂದೆಯು ಫಲಕೊಡುವ ಕೊಂಬೆಗೆ ಮಾಡುವ ಕೆಲಸಕ್ಕೆ ಗ್ರೀಕಿನಲ್ಲಿ 'ಕಥೈರೋ' ಎಂಬ ಪದವಿದೆ. ಅದಕ್ಕೆ ಶುದ್ಧಮಾಡು ಎಂದೂ ಅರ್ಥ. 3ನೇ ವಚನದ ಶುದ್ಧರು ಎಂಬ ಮಾತು ಅದೇ ಮೂಲದ್ದು. ಸವರಿದ ಗಿಡಕ್ಕೆ ಎಲೆ ಇರಲ್ಲ, ಆದರೆ ಬೇರು ಇರುತ್ತದೆ.

2. ನೆಲೆಗೊಂಡಿರು ಎಂಬ ಕ್ರಿಯಾಪದ ಗ್ರೀಕ್ ಮೂಲದಲ್ಲಿ 4ರಿಂದ 10ನೇ ವಚನದೊಳಗೆ 10 ಸಲ ಬರುತ್ತದೆ. ಫಲವನ್ನು ಹುಟ್ಟಿಸುವುದು ಕೊಂಬೆಯ ಕೆಲಸವಲ್ಲ. ಬಳ್ಳಿಯಲ್ಲಿ ಉಳಿಯುವುದೇ ಅದರ ಕೆಲಸ.

ಪ್ರಿಯರೇ, ಕೆಲಸ ಹೋದವರು, ಮದುವೆ ಮಾತು ಮುರಿದವರು ನಮ್ಮಲ್ಲಿ ಇದ್ದೀರಿ. ಪ್ರತಿಯೊಂದು ನಷ್ಟವೂ ದೇವರ ಕತ್ತರಿಯೇ ಅಂತ ನಾನು ಹೇಳಲಾರೆ. ಆದರೆ ಬೋಳಾಗಿ ನಿಂತಿದ್ದೀರಿ ಅಂದ ಮಾತ್ರಕ್ಕೆ ದೇವರು ನಿಮ್ಮನ್ನು ಬಿಟ್ಟಿದ್ದಾನೆ ಅಂದುಕೊಳ್ಳಬೇಡಿ. ಎಲ್ಲಾ ಚೆನ್ನಾಗಿರುವವರೇ, ನೀವು ಇವತ್ತು ನಿಮ್ಮನ್ನು ಪರೀಕ್ಷಿಸಿಕೊಳ್ಳಿ.

ಮಾರ್ಚ್‌ನಲ್ಲಿ ಆ ಬೋಳು ಗಿಡದ ತುಂಬಾ ಮೊಗ್ಗು. ನನ್ನ ಹೆಂಡತಿ ಕಟ್ಟಿದ ಮೊದಲ ಮೊಳವನ್ನು ಆ ಅಕ್ಕನಿಗೇ ಕೊಟ್ಟೆವು.

ಈ ವಾರ ಬೆಳಿಗ್ಗೆ ಮೊಬೈಲ್ ಮುಟ್ಟುವ ಮೊದಲು 15 ನಿಮಿಷ ಕರ್ತನ ಪಾದದಲ್ಲಿ ಕೂತುಕೊಳ್ಳಿ. ನಾನೂ ಕೂರುತ್ತೇನೆ.

ಪ್ರಾರ್ಥಿಸೋಣ. ತಂದೆಯೇ, ಹಸಿರು ತೋರಿಸಿ ಒಣಗುವುದರಿಂದ ನಮ್ಮನ್ನು ಕಾಪಾಡು. ನಿನ್ನ ಕುಮಾರನಲ್ಲಿ ನಮ್ಮನ್ನು ಉಳಿಸು. ಯೇಸುವಿನ ನಾಮದಲ್ಲಿ, ಆಮೆನ್.